ಒಡೆದದ್ದು ಯಾರ ಕೈ, ಗರಜು ಯಾರದು

ಜನವರಿ 14ರ ಉತ್ತರಾಯಣ, 15ರ ವಾಸಿ ಉತ್ತರಾಯಣ ಎರಡೂ ಮುಗಿದ ಮೇಲೆ ಅಹಮದಾಬಾದಿನ ತಾರಸಿಗಳ ಮೇಲೆ ಉಳಿಯುವುದು ಹರಿದ ಪಟ ಮತ್ತು ಮಾಂಜಾ ದಾರ ಮಾತ್ರವಲ್ಲ. ಖಾಡಿಯಾ, ರಾಯಪುರದ ಪೋಳ್‌ಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಹಳೆಯ ಮನೆಗಳಿವೆ. ಒಂದು ಮಾಡಿನಿಂದ ಇನ್ನೊಂದಕ್ಕೆ ದಾಟಿದವರ ಕಾಲಡಿ ಅಲ್ಲಿ ಹೆಂಚು ನುಚ್ಚಾಗಿರುತ್ತದೆ. ಹೊಸ ಬಡಾವಣೆಗಳಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ಸೀಳಿರುತ್ತದೆ, ಸೋಲಾರ್ ಹೀಟರಿನ ಗಾಜಿನ ಕೊಳವೆ ಒಡೆದಿರುತ್ತದೆ, ಈಚಿನ ವರ್ಷಗಳಲ್ಲಿ ಸೌರಫಲಕಕ್ಕೂ ಪೆಟ್ಟು ಬೀಳುತ್ತದೆ. ಮನೆಯ ಮೇಲೆ ಫಲಕ ಹಾಕಿಸಿಕೊಳ್ಳುವುದರಲ್ಲಿ ಗುಜರಾತ್ ದೇಶದಲ್ಲೇ ಮುಂದಿದೆ. ಒಳ್ಳೆಯ ತಾರಸಿ ಇರುವವರ ಮನೆಗೆ ಇಲ್ಲದವರು ಹೋಗುವುದು ಆ ಊರಿನ ರೂಢಿ. ಪಟ ಹಾರಿಸುವವನ ಕಣ್ಣು ಆಕಾಶದಲ್ಲಿರುತ್ತದೆ, ಹೆಜ್ಜೆ ಹಿಂದಕ್ಕೆ ಬೀಳುತ್ತದೆ. ಫಲಕದ ಗಾಜು ಒಮ್ಮೆ ಬಿರಿದರೆ ರಿಪೇರಿಯ ಮಾತೇ ಇಲ್ಲ, ಇಡೀ ಫಲಕ ಬದಲಾಗಬೇಕು. ಅದಕ್ಕಿರುವ ದೀರ್ಘ ವಾರಂಟಿ ವಿದ್ಯುತ್ ಉತ್ಪಾದನೆಗೆ, ಅತಿಥಿಯ ಮೊಣಕೈಗಲ್ಲ.

ಹಾಗಾದರೆ ದುಡ್ಡು ಕೊಡಬೇಕಾದವರು ಯಾರು? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಯಾರು ಒಡೆದರೋ ಅವರು ಕೊಡಲಿ ಎನ್ನುವುದು ಒಂದು. ಸ್ನೇಹದಲ್ಲಿ ಲೆಕ್ಕವೇಕೆ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ, ಎರಡನೆಯದನ್ನಂತೂ ಎಳ್ಳಷ್ಟೂ ಒಪ್ಪುವುದಿಲ್ಲ.

ಲೆಕ್ಕವೇಕೆ ಎಂಬ ಮಾತು ಹೆಚ್ಚಾಗಿ ಬರುವುದು ಕಳೆದುಕೊಂಡವರ ಬಾಯಿಂದಲ್ಲ, ಕಳೆದವರ ಬಾಯಿಂದ. ಅತಿಥಿಯನ್ನು ದೇವರಂತೆ ಕಾಣಬೇಕು ಎಂಬ ಉಪದೇಶವನ್ನೂ ಅವರು ಜೊತೆಗೆ ತರುತ್ತಾರೆ. ಆ ಉಪದೇಶ ತೈತ್ತಿರೀಯ ಉಪನಿಷತ್ತಿನದು. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು. ಅಂದರೆ ಗೃಹಸ್ಥನಾಗಲಿರುವವನಿಗೆ ಹೇಳಿದ್ದು. ಬಂದ ಅತಿಥಿ ಅದನ್ನು ತನ್ನ ಹಕ್ಕುಪತ್ರದಂತೆ ಮುಂದೆ ಚಾಚಲು ಬರುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದೇ ಇಂಥ ಅನುಭವ ಮನೆಮನೆಯಲ್ಲೂ ಆಗಿದ್ದರಿಂದ. ಆ ಗಾದೆಯಲ್ಲಿ ನೋವಿದೆ. ಎರವಲು ಕೊಟ್ಟು ಸುಮ್ಮನಾದವರು ಉದಾರಿಗಳಾಗಿ ಸುಮ್ಮನಾದದ್ದಲ್ಲ, ಕೇಳಲು ನಾಚಿ ಸುಮ್ಮನಾದದ್ದು. ಆ ನಾಚಿಕೆಯನ್ನು ಔದಾರ್ಯವೆಂದು ತಿಳಿದು ನೆಮ್ಮದಿಯಾಗಿರುವುದು ಸ್ನೇಹಿತನ ಲಕ್ಷಣವಲ್ಲ.

ಗುಜರಾತಿನ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ತೂಕವಿದೆ. ಅಹಮದಾಬಾದಿನ ಬಾಹ್ಯಾಕಾಶ ಮತ್ತು ಭೌತವಿಜ್ಞಾನ ಸಂಸ್ಥೆಗಳಿಗೆ, ವಡೋದರ ಪಕ್ಕದ ಕೋಯಲಿಯ ತೈಲ ಶುದ್ಧೀಕರಣಾಗಾರಕ್ಕೆ, ಸೂರತ್ ಬಳಿಯ ಹಜೀರಾದ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಬಂದವರು, ಉಡುಪಿ–ಮಂಗಳೂರು ಕಡೆಯಿಂದ ಬಂದು ಹೋಟೆಲು ಕಟ್ಟಿದವರು, ಇವರಿಗೆಲ್ಲ ಅಣ್ಣತಮ್ಮಂದಿರು ಸಾವಿರ ಕಿಲೋಮೀಟರ್ ದೂರ. ವರಮಹಾಲಕ್ಷ್ಮಿ ಪೂಜೆಗೆ ಬೆಳ್ಳಿ ಕಳಶ ಬೇಕಾದರೆ, ಹತ್ತು ಜನ ಊಟಕ್ಕೆ ಬಂದ ದಿನ ದೊಡ್ಡ ಗ್ರೈಂಡರ್ ಬೇಕಾದರೆ, ಆಸ್ಪತ್ರೆಗೆ ಹೋಗಲು ಕಾರು ಬೇಕಾದರೆ ಕೇಳುವುದು ಸ್ನೇಹಿತರನ್ನೇ. ಊರಿನಲ್ಲಿ ಒಂದು ಸಂಬಂಧ ಕೆಟ್ಟರೆ ಇನ್ನೊಂದು ಇರುತ್ತದೆ. ಇಲ್ಲಿ ಒಡೆದ ಒಂದು ವಸ್ತುವಿನಿಂದ ಇಡೀ ಬಳಗವೇ ಎರಡಾಗಬಹುದು. ಗುಜರಾತಿಗಳಲ್ಲಿ ನೆರೆಮನೆಯ ಒಡನಾಟಕ್ಕೆ ವಾಟಕಿ ವ್ಯವಹಾರ್ ಎಂಬ ಚೆಂದದ ಹೆಸರಿದೆ. ಬಟ್ಟಲಲ್ಲಿ ಸಕ್ಕರೆ ಹೋಗುತ್ತದೆ, ಬಟ್ಟಲಲ್ಲಿ ಬೇಳೆ ಬರುತ್ತದೆ. ಬಟ್ಟಲೇ ಒಡೆದರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಮೊದಲೇ ಮಾತಾಡಿಕೊಂಡಿರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ ಇನ್ನೊಬ್ಬರ ವಸ್ತುವನ್ನು ವಶದಲ್ಲಿಟ್ಟುಕೊಂಡವರು, ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನ ಅಂಥದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಬೇಕು. ಅಷ್ಟು ಮಾಡಿಯೂ ಹಾಳಾದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅವರು ಹೊಣೆಯಲ್ಲ ಎನ್ನುತ್ತದೆ 152ನೇ ಕಲಮು. ಆದರೆ ಗೊತ್ತುಮಾಡಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಜೋಪಾನದ ಮಾತು ನಡೆಯುವುದಿಲ್ಲ. 154ನೇ ಕಲಮಿನ ಕೆಳಗೆ ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಸ್ವಂತ ಸವಾರಿಗೆಂದು ಪಡೆದ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಏರಲು ಬಿಟ್ಟರೆ, ಆ ಇನ್ನೊಬ್ಬರು ಎಷ್ಟೇ ಜಾಗರೂಕರಾಗಿದ್ದರೂ, ಕುದುರೆ ಎಡವಿ ಬಿದ್ದ ನಷ್ಟ ಪಡೆದವನದೇ. ಕುದುರೆಯ ಜಾಗದಲ್ಲಿ ಆಕ್ಟಿವಾ ಇಟ್ಟುಕೊಂಡರೆ ಇವತ್ತಿನ ವಡೋದರಕ್ಕೆ ಇದು ಸರಿಹೋಗುತ್ತದೆ. ಅಲ್ಕಾಪುರಿಯವರೆಗೆ ಎಂದು ಕೇಳಿ ಪಡೆದ ಗಾಡಿಯಲ್ಲಿ ತಮ್ಮನನ್ನು ಪಾವಾಗಢಕ್ಕೆ ಕಳಿಸಿದರೆ, ಆಮೇಲೆ ಆಕಸ್ಮಿಕ ಎಂದು ಹೇಳಿಕೊಳ್ಳಲು ಬಾಯಿರುವುದಿಲ್ಲ.

ನಮ್ಮ ಹಳೆಯ ಧರ್ಮಶಾಸ್ತ್ರವೂ ಈ ದಾರಿಯಲ್ಲೇ ನಡೆದಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಮಿತಾಕ್ಷರ ವ್ಯಾಖ್ಯಾನ ಬರೆದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ನಂಬಿ ಕೊಟ್ಟ, ಬೇಡಿ ಪಡೆದ ವಸ್ತುಗಳಿಗೆಲ್ಲ ಆ ಸ್ಮೃತಿಯಲ್ಲಿ ಒಂದೇ ಬಗೆಯ ನಿಯಮ. ರಾಜ, ದೈವ, ಕಳ್ಳ ಈ ಮೂವರಿಂದ ಹೋದದ್ದನ್ನು ತುಂಬಿಕೊಡಬೇಕಿಲ್ಲ. ಒಪ್ಪಿಗೆಯಿಲ್ಲದೆ ತನ್ನ ಲಾಭಕ್ಕೆ ಬಳಸಿಕೊಂಡಿದ್ದರೆ ಬಡ್ಡಿ ಸಮೇತ ಕೊಡಬೇಕು.

ಈ ಕಾನೂನುಗಳೆಲ್ಲ ಕೇಳುವ ಮುಖ್ಯ ಪ್ರಶ್ನೆ ಒಂದೇ, ಜಾಗರೂಕತೆ ಇತ್ತೇ ಇಲ್ಲವೇ ಎಂದು. ನ್ಯಾಯಾಲಯಕ್ಕೆ ಅದು ಸರಿಯಾದ ಪ್ರಶ್ನೆಯಿರಬಹುದು. ಸ್ನೇಹಕ್ಕೆ ಅದು ಕೆಟ್ಟ ಪ್ರಶ್ನೆ. ಗೆಳೆಯನ ಮುಂದೆ ಕುಳಿತು ‘ನೀನು ಅಜಾಗರೂಕನಾಗಿದ್ದೆ’ ಎಂದು ಸಾಧಿಸಿದ ಮೇಲೆ ಸಿಗುವ ಹಣಕ್ಕೆ ಯಾವ ಬೆಲೆಯೂ ಇಲ್ಲ. ನನಗೆ ಸರಿಕಾಣುವ ಪ್ರಶ್ನೆ ಬೇರೆಯದು. ಆ ವಸ್ತು ಆ ಹೊತ್ತಿನಲ್ಲಿ ಅಪಾಯದ ಎದುರಿಗೆ ಬಂದದ್ದು ಯಾರ ಗರಜಿಗಾಗಿ?

1703ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಸಿದ್ಧ ವ್ಯಾಜ್ಯ ಈ ಪ್ರಶ್ನೆಗೆ ತೀರ ಹತ್ತಿರದ್ದು. ಒಬ್ಬ ಇನ್ನೊಬ್ಬನ ಬ್ರಾಂದಿ ಪೀಪಾಯಿಗಳನ್ನು ಲಂಡನ್ನಿನ ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಬಿಟ್ಟಿಯಾಗಿ ಸಾಗಿಸಲು ಒಪ್ಪಿದ. ಒಂದು ಪೀಪಾಯಿ ಒಡೆದು ಬ್ರಾಂದಿ ಚೆಲ್ಲಿತು. ಕೂಲಿ ಪಡೆಯದಿದ್ದರೂ ಅಜಾಗರೂಕತೆಗೆ ಅವನು ಹೊಣೆ ಎಂದು ತೀರ್ಪಾಯಿತು. ನನಗೆ ಆ ತೀರ್ಪಿಗಿಂತ, ಮುಖ್ಯ ನ್ಯಾಯಾಧೀಶ ಹೋಲ್ಟ್ ಆಗ ಮಾಡಿದ ವಿಂಗಡಣೆ ಮುಖ್ಯ. ಪಡೆದವನ ಲಾಭಕ್ಕೇ ಕೊಟ್ಟ ವಸ್ತುವಾದರೆ ಅವನು ಅತಿ ಹೆಚ್ಚಿನ ಎಚ್ಚರ ವಹಿಸಬೇಕು. ಕೊಟ್ಟವನ ಲಾಭಕ್ಕೇ ಇಟ್ಟುಕೊಂಡದ್ದಾದರೆ ಅಷ್ಟು ಬೇಕಿಲ್ಲ. ರೋಮನ್ನರ ಕಾನೂನಿನಲ್ಲೂ ಇದರ ಬೇರು ಇತ್ತು. ನಮ್ಮ 1872ರ ಕಾಯ್ದೆ ಈ ಭೇದವನ್ನು ಅಳಿಸಿ ಎಲ್ಲರಿಗೂ ಒಂದೇ ಅಳತೆಗೋಲು ಕೊಟ್ಟಿತು. ಕೋರ್ಟಿಗೆ ಅದು ಅನುಕೂಲ. ಮನೆಯೊಳಗೆ ಮಾತ್ರ ಹಳೆಯ ಭೇದವೇ ನ್ಯಾಯವಾದದ್ದು ಎಂದು ನಾನು ವಾದಿಸುತ್ತೇನೆ.

ಮೂರು ಸಂದರ್ಭಗಳನ್ನು ಕಲ್ಪಿಸಿಕೊಳ್ಳೋಣ. ಗೆಳೆಯರೊಬ್ಬರು ವಡೋದರದಲ್ಲಿ ನಿಮ್ಮ ಕಾರನ್ನು ತಮ್ಮ ಕೆಲಸಕ್ಕೆ ಒಯ್ದು ಕಂಬಕ್ಕೆ ತಾಗಿಸುತ್ತಾರೆ. ಇನ್ನೊಬ್ಬರು ನೀವು ಮನೆ ಬದಲಿಸುವ ದಿನ ಬೆಳಗ್ಗೆಯೇ ಬಂದು ಸಾಮಾನು ಹೊರುತ್ತ ಮೆಟ್ಟಿಲ ಮೇಲೆ ನಿಮ್ಮ ಟಿವಿಯನ್ನು ಕೈಜಾರಿಸುತ್ತಾರೆ. ಮತ್ತೊಬ್ಬರು ನಿಮ್ಮ ಕರೆಯ ಮೇರೆಗೆ ಉತ್ತರಾಯಣಕ್ಕೆ ಬಂದು ಹೆಂಚು ಒಡೆಯುತ್ತಾರೆ. ಮೂವರ ಕೈಯೂ ಒಂದೇ ಬಗೆಯ ಕೈ, ಮೂವರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಮೂವರಿಗೂ ಒಂದೇ ನ್ಯಾಯ ಹೇಳಿದರೆ ಅನ್ಯಾಯವಾಗುತ್ತದೆ.

ಎರಡನೆಯವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು. ಕೆಲಸ ನಿಮ್ಮದು, ಮೂವರು ಹಮಾಲರ ಕೂಲಿ ಉಳಿದದ್ದು ನಿಮಗೆ. ಉಳಿತಾಯ ನಿಮ್ಮದಾದರೆ ಅದರೊಡನೆ ಬಂದ ಅಪಾಯವೂ ನಿಮ್ಮದೇ. ಜರ್ಮನಿಯ ನ್ಯಾಯಾಲಯಗಳು ಇಂಥ ಎಷ್ಟೋ ಪ್ರಕರಣಗಳಲ್ಲಿ, ಉಪಕಾರಕ್ಕೆ ಬಂದ ಗೆಳೆಯನ ಸಣ್ಣಪುಟ್ಟ ಅಜಾಗರೂಕತೆಯನ್ನು ಕೇಳುವುದಿಲ್ಲವೆಂದು ಇಬ್ಬರೂ ಬಾಯಿ ಬಿಡದೆಯೇ ಒಪ್ಪಿದ್ದರು ಎಂದು ಭಾವಿಸಿವೆ. ಅಷ್ಟು ಲೆಕ್ಕಾಚಾರದ ನಾಡಿನಲ್ಲಿ ಇದಕ್ಕೆ ಜಾಗವಿದ್ದರೆ ನಮ್ಮಲ್ಲಿ ಇಲ್ಲದಿರಲು ಕಾರಣವಿಲ್ಲ.

ಕಾರು ಒಯ್ದವರ ಸಂಗತಿ ಇದಕ್ಕೆ ಪೂರ್ತಿ ವಿರುದ್ಧ. ಅವರು ಎಷ್ಟೇ ಎಚ್ಚರದಿಂದ ಓಡಿಸಿರಲಿ, 152ನೇ ಕಲಮು ಅವರನ್ನು ಬಿಟ್ಟರೂ ಸ್ನೇಹ ಬಿಡಬಾರದು. ಕಾರು ಮನೆಯಲ್ಲೇ ನಿಂತಿದ್ದರೆ ಆ ಕಂಬ ಅದಕ್ಕೆ ತಾಗುತ್ತಿರಲಿಲ್ಲ. ಇಲ್ಲಿ ‘ಇನ್ಶೂರೆನ್ಸ್ ಇದೆಯಲ್ಲ’ ಎಂಬ ಮಾತು ತಪ್ಪದೆ ಬರುತ್ತದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೈಸೆನ್ಸ್ ಇರುವ ಗೆಳೆಯ ಮಾಲೀಕರ ಒಪ್ಪಿಗೆಯಿಂದ ಓಡಿಸಿದ್ದರೆ ಸಮಗ್ರ ವಿಮೆಯಲ್ಲಿ ದುರಸ್ತಿಯ ಹಣ ಸಿಗುತ್ತದೆ, ನಿಜ. ಆದರೆ ಮಾಮೂಲಿ ಪಾಲಿಸಿಯಲ್ಲಿ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಸವಕಳಿಯಲ್ಲಿ ಹೋಗುತ್ತದೆ. ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ ಮೊತ್ತ 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2000. ಕ್ಲೇಮು ಮಾಡದೆ ಉಳಿಸಿಕೊಂಡ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ 20ರಿಂದ ಶುರುವಾಗಿ ಐದು ವರ್ಷದಲ್ಲಿ 50 ಪ್ರತಿಶತದವರೆಗೆ ಏರುವ ರಿಯಾಯಿತಿ ಒಂದೇ ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಗೆಳೆಯ ಕಂಬಕ್ಕೆ ತಾಗಿಸಿದ್ದು ಒಂದು ಸಂಜೆ, ಮಾಲೀಕರು ಅದಕ್ಕೆ ಮುಂದಿನ ಹಲವು ವರ್ಷ ಕಂತು ಕಟ್ಟುತ್ತಾರೆ. ಎರವಲು ಪಡೆದವರು ಭರಿಸಬೇಕಾದ್ದು ಗ್ಯಾರೇಜಿನ ಬಿಲ್ಲು ಮಾತ್ರವಲ್ಲ, ಕಣ್ಣಿಗೆ ಕಾಣದ ಈ ಪಾಲೂ ಹೌದು.

ಬೇರೆಯವರ ಗಾಡಿ ಏರಿದವರಿಗೆ ಇದಕ್ಕಿಂತ ದೊಡ್ಡ ಅಪಾಯವೂ ಇದೆ. ನಮ್ಮ ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಇನ್ನೊಬ್ಬರ ಬೈಕು ಎರವಲು ಪಡೆದು ಹೊರಟವರೊಬ್ಬರು ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದವರು ಮಾಲೀಕರ ಸ್ಥಾನದಲ್ಲೇ ನಿಂತಂತೆ, ಆದ್ದರಿಂದ ತಪ್ಪು ಸಾಬೀತು ಮಾಡದೆ ಪರಿಹಾರ ಕೊಡುವ ಮೋಟಾರು ವಾಹನ ಕಾಯ್ದೆಯ ಕಲಮಿನಡಿ ಅವರ ಮನೆಯವರು ಆ ಬೈಕಿನ ವಿಮಾ ಕಂಪನಿಯನ್ನು ಕೇಳಲಾಗದು ಎಂದು 2009ರಲ್ಲಿ ಕೋರ್ಟು ಹೇಳಿತು. ಆ ಕುಟುಂಬವನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಆದರೆ ತೀರ್ಪಿನ ಒಳಗಿನ ಮಾತನ್ನು ಎರವಲು ಕೇಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಬೀಗದಕೈ ಇಸಕೊಂಡ ಗಳಿಗೆಯಿಂದ ಆ ಗಾಡಿ ನಿಮ್ಮದು, ಅದರ ಭಾರವೂ ನಿಮ್ಮದು.

ಇನ್ನು ಉತ್ತರಾಯಣದ ಅತಿಥಿ. ಇಲ್ಲಿ ಗರಜು ಇಬ್ಬರದೂ, ಸಂತೋಷ ಇಬ್ಬರದೂ. ಇಪ್ಪತ್ತು ಜನರನ್ನು ತಾರಸಿಗೆ ಕರೆದವರಿಗೆ ಇಪ್ಪತ್ತು ಜನರ ಕಾಲು ಎಲ್ಲಿ ಬೀಳಬಹುದು ಎಂಬ ಅಂದಾಜು ಇರಬೇಕು. ನಾಲ್ಕು ಹೆಂಚು, ಟ್ಯಾಂಕಿನ ಮುಚ್ಚಳ, ಉಂಧಿಯು ಬಡಿಸಿದ ಪಿಂಗಾಣಿ ತಟ್ಟೆ ಇವು ಹಬ್ಬದ ಖರ್ಚಿನಲ್ಲೇ ಸೇರಿದವು. ಅವುಗಳಿಗೆ ಅತಿಥಿಯ ಕಡೆ ನೋಡುವುದೂ ಸಣ್ಣತನ. ಸೌರಫಲಕ ಒಡೆದರೆ? ಹಗ್ಗ ಕಟ್ಟಿ, ಆಚೆ ಹೋಗಬೇಡಿ ಎಂದು ಹೇಳಿಯೂ ಅದಕ್ಕೆ ಒರಗಿದವರು ಪೂರ್ತಿ ಕೊಡಬೇಕು. ಹೇಳದೆ ಬಿಟ್ಟಿದ್ದರೆ ಅರ್ಧ ಮನೆಯವರದು, ಅರ್ಧ ಅತಿಥಿಯದು. ಅರ್ಧ ಎಂಬುದು ಸೋಮಾರಿ ಉತ್ತರದಂತೆ ಕಾಣಬಹುದು. ಆದರೆ ಕೂಡಿ ಅನುಭವಿಸಿದ ಸಂತೋಷದಲ್ಲಿ ಯಾರ ಪಾಲು ಹೆಚ್ಚು ಎಂದು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ.

ಮೊದಲೇ ಹೇಳುವುದು ಎಷ್ಟು ಮುಖ್ಯ ಎಂಬುದನ್ನು ಸೂರತ್‌ನಿಂದ ಕಲಿಯಬೇಕು. ಜಗತ್ತಿನಲ್ಲಿ ಕತ್ತರಿಸಿ ಹೊಳಪು ಕೊಡುವ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಆ ಊರಿನ ಕೈಗಳಲ್ಲಿ ಹಾದುಹೋಗುತ್ತವೆ ಎನ್ನುತ್ತಾರೆ. ಮಹಿಧರಪುರದ ಹೀರಾ ಬಜಾರಿನಲ್ಲಿ ರಸ್ತೆಬದಿಯಲ್ಲಿ ನಿಂತ ಸ್ಕೂಟರಿನ ಸೀಟಿನ ಮೇಲೆಯೇ ಕಾಗದದ ಪೊಟ್ಟಣ ಬಿಚ್ಚಿ ಕಲ್ಲು ನೋಡುತ್ತಾರೆ. ಅಲ್ಲಿ ಮಾಲು ಜಾಂಗಡ್ ಎಂಬ ರೂಢಿಯಲ್ಲಿ ಕೈ ಬದಲಾಗುತ್ತದೆ. ನೋಡಲು, ಗಿರಾಕಿಗೆ ತೋರಿಸಲು ಕೊಟ್ಟದ್ದು. ಮಾರಾಟವಾಗುವವರೆಗೆ ಮಾಲೀಕತ್ವ ಕೊಟ್ಟವರದೇ, ಕೈಯಲ್ಲಿರುವಷ್ಟು ಹೊತ್ತು ಜವಾಬ್ದಾರಿ ಪಡೆದವರದು ಎಂಬುದು ಅದರ ತಿರುಳು. ಒಂದು ಸಣ್ಣ ಚೀಟಿಯಲ್ಲಿ ಇದೆಲ್ಲ ಕೊಡುವ ಗಳಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಲಕ್ಷಾಂತರ ರೂಪಾಯಿಯ ಮಾಲು ನಂಬಿಕೆಯ ಮೇಲೆ ಓಡಾಡುತ್ತದೆ ಎಂದು ಸೂರತ್ತನ್ನು ಹೊಗಳುವವರು ಈ ಚೀಟಿಯನ್ನು ಮರೆಯುತ್ತಾರೆ. ನಂಬಿಕೆ ಉಳಿದಿರುವುದು ಮಾತು ಮೊದಲೇ ಆಗಿರುವುದರಿಂದ.

ಮನೆಯೊಳಗೆ ಚೀಟಿ ತರಬೇಕೆಂದು ನಾನು ಹೇಳುತ್ತಿಲ್ಲ. ಒಂದು ವಾಕ್ಯ ಸಾಕು. ‘ಇದರ ಬ್ರೇಕು ಸ್ವಲ್ಪ ಸಡಿಲ, ನೋಡಿಕೊಂಡು ಹೋಗಿ.’ ‘ಅಕ್ಕಾ, ಇದು ನಮ್ಮಮ್ಮನ ಸೀರೆ, ಮತ್ತೆ ಸಿಗೋದಿಲ್ಲ.’ ಕರಾರು ಕಾಯ್ದೆಯ 150ನೇ ಕಲಮು ಕೂಡ ತನಗೆ ಗೊತ್ತಿರುವ ದೋಷವನ್ನು ಹೇಳುವ ಹೊಣೆಯನ್ನು ಕೊಡುವವರ ಮೇಲೆ ಹೊರಿಸಿದೆ. ಸೀರೆಯ ಮಾತು ಬಂತು. ನವರಾತ್ರಿಯ ಗರಬಾಕ್ಕೆ ಎರವಲು ಪಡೆದ ಚಣಿಯಾಚೋಳಿ ಹರಿದರೆ ರಫೂ ಮಾಡಿಸಬಹುದು, ಉದುರಿದ ಕನ್ನಡಿ ಮತ್ತೆ ಹೊಲಿಸಬಹುದು. ಪಾಟಣದ ಪಟೋಳಕ್ಕೆ ಆ ಭಾಗ್ಯವಿಲ್ಲ. ಹಾಸು ಹೊಕ್ಕು ಎರಡರ ನೂಲಿಗೂ ನೇಯುವ ಮೊದಲೇ ಬಣ್ಣ ಕಟ್ಟಿ, ತಿಂಗಳುಗಟ್ಟಲೆ ನೇಯ್ದ ಬಟ್ಟೆ ಅದು. ಬಣ್ಣದ ಲೆಕ್ಕ ಒಂದೊಂದು ಎಳೆಯಲ್ಲೂ ಇರುವುದರಿಂದ ಹರಿದ ಜಾಗ ಯಾವ ರಫೂಗೂ ಮುಚ್ಚುವುದಿಲ್ಲ. ಹಣದಿಂದ ತುಂಬಲಾಗದ ವಸ್ತುವನ್ನು ಕೇಳಲೂಬಾರದು, ಕೊಡಲೂಬಾರದು. ಕೇಳಿದಾಗ ‘ಇದೊಂದು ಬೇಡ, ಬೇರೆ ತಗೊಳ್ಳಿ’ ಎನ್ನುವುದು ಒರಟುತನವಲ್ಲ.

ಗರಜು ಯಾರದೆಂದು ಗೊತ್ತಾದ ಮೇಲೂ ಕ್ರಮವೊಂದಿದೆ, ಅದು ಮೊತ್ತಕ್ಕಿಂತ ಮುಖ್ಯ. ಯಾವ ಸಂದರ್ಭವೇ ಇರಲಿ, ಮೊದಲ ಮಾತು ಒಡೆದವರ ಬಾಯಿಂದಲೇ ಬರಬೇಕು. ಮನೆಯವರು ನೋಡಿ ಕೇಳುವ ಮೊದಲೇ ಬರಬೇಕು. ‘ಎಷ್ಟಾಗುತ್ತೆ ಹೇಳಿ’ ಎಂಬ ಮಾತಿಗಿಂತ ‘ನಾಳೆ ಮೆಕ್ಯಾನಿಕ್ಕನ್ನು ನಾನೇ ಕರ್ಕೊಂಡು ಬರ್ತೀನಿ’ ಎಂಬ ಮಾತು ಎಷ್ಟೋ ಮೇಲು. ಮೊದಲನೆಯದು ಕೇಳುವ ಮುಜುಗರವನ್ನು ಮತ್ತೆ ಮನೆಯವರ ತಲೆಗೇ ಹಾಕುತ್ತದೆ. ‘ಇರಲಿ ಬಿಡಿ’ ಎನ್ನುವ ಅಧಿಕಾರ ಕಳೆದುಕೊಂಡವರಿಗೆ ಮಾತ್ರ ಸೇರಿದ್ದು, ಅವರು ಅದನ್ನು ಹೇಳಬೇಕಾದರೆ ಎದುರಿಗೆ ನಿಜವಾದ ಕೊಡುಗೆ ಇರಬೇಕು. ಹಿಸಾಬ್ ಕೋಡಿನೋ, ಬಕ್ಷಿಸ್ ಲಾಖ್‌ನಿ ಎಂದು ಗುಜರಾತಿಗಳು ಹೇಳುತ್ತಾರೆ. ಲೆಕ್ಕ ಕವಡೆಯವರೆಗೂ ಆಗಲಿ, ಬಿಟ್ಟುಕೊಡುವುದಾದರೆ ಲಕ್ಷವನ್ನೇ ಬಿಡೋಣ ಎಂದು ಅದರ ಅರ್ಥ. ಲೆಕ್ಕವೇ ಆಗದಿದ್ದ ಮೇಲೆ ಬಿಟ್ಟದ್ದು ಎಷ್ಟೆಂದು ಇಬ್ಬರಿಗೂ ತಿಳಿಯುವುದಿಲ್ಲ. ಮದುವೆಮನೆಯಲ್ಲಿ ಚಾಂಲ್ಲೋ ಎಂಬ ಉಡುಗೊರೆ ಹಣವನ್ನು ಬರೆದಿಡುವ ಗುಜರಾತಿಗಳಿಗೂ, ಮುಯ್ಯಿ ಬರೆದಿಟ್ಟು ತಲೆಮಾರು ದಾಟಿದರೂ ತಪ್ಪದೆ ತೀರಿಸುವ ನಮ್ಮ ಹಳ್ಳಿಗಳಿಗೂ ಲೆಕ್ಕ ಸಂಬಂಧದ ಶತ್ರು ಎಂದು ಎಂದೂ ಅನ್ನಿಸಿಲ್ಲ.

ಬಿಟ್ಟವರಿಗೂ ಒಂದು ಕಟ್ಟುಪಾಡಿದೆ. ‘ಇರಲಿ ಬಿಡಿ’ ಎಂದ ಮೇಲೆ ಆ ಕತೆಯನ್ನೂ ಬಿಡಬೇಕು. ಹಣ ಬೇಡವೆಂದು ಹೇಳಿ, ರಾಜ್ಯೋತ್ಸವದ ದಿನ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅದನ್ನೇ ಎಲ್ಲರಿಗೂ ಹೇಳುವುದು, ಬಿಲ್ಲು ಕೊಟ್ಟು ವಸೂಲು ಮಾಡುವುದಕ್ಕಿಂತ ಕ್ರೂರ.

ಎಷ್ಟು ಕೊಡಬೇಕು ಎಂಬುದು ಅಷ್ಟು ಕಷ್ಟದ್ದಲ್ಲ. ವಸ್ತು ಒಡೆದ ದಿನ ಅದರ ಬೆಲೆ ಎಷ್ಟಿತ್ತೋ ಅಷ್ಟು. ಹತ್ತು ವರ್ಷದ ಟಿವಿ ಒಡೆದರೆ ಹೊಸ ಟಿವಿಯನ್ನು ನಿರೀಕ್ಷಿಸುವುದು ತಪ್ಪು. ರಿಪೇರಿಯಾಗುವುದಾದರೆ ರಿಪೇರಿಯೇ ಮೊದಲು. ಮಕ್ಕಳು ಒಡೆದರೆ ಅವರ ತಂದೆತಾಯಿ ಕೊಡಬೇಕು, ಮಗುವನ್ನು ಎಲ್ಲರ ಎದುರು ಹೊಡೆದು ತೀರಿಸಿದೆವು ಎಂದುಕೊಳ್ಳಬಾರದು. ಕೊಡುವವರು ವಡೋದರದ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಓದುವ ಹುಡುಗನೋ ಹುಡುಗಿಯೋ ಆಗಿದ್ದರೆ? ಕೊಡುತ್ತೇನೆ ಎಂದು ಹೇಳುವ ಕರ್ತವ್ಯಕ್ಕೆ ಬಡವ–ಶ್ರೀಮಂತ ಭೇದವಿಲ್ಲ, ಅದನ್ನು ಅವರಿಂದ ಕಿತ್ತುಕೊಳ್ಳುವುದು ಅವರಿಗೆ ಮಾಡುವ ಅವಮಾನ. ತೆಗೆದುಕೊಳ್ಳುವವರು ಮಾತ್ರ ಎದುರಿನವರ ಜೇಬು ನೋಡಿಯೇ ಕೈ ಚಾಚಬೇಕು. ಗ್ಯಾರೇಜಿಗೆ ಓಡಾಡುವುದು, ಬಿಡಿಭಾಗ ಹುಡುಕಿ ತರುವುದು, ಇವೂ ಕೊಡುವುದರ ರೂಪಗಳೇ.

ಗರಜಿನ ಈ ನ್ಯಾಯವನ್ನು ಒಪ್ಪುವುದಾದರೆ ಅದನ್ನು ಸರಿಸಮಾನರ ನಡುವೆ ಮಾತ್ರ ನಿಲ್ಲಿಸಲಾಗದು. ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳ ಮನೆಮನೆಗೂ ಬೆಳಗ್ಗೆ ಕಾಮ್‌ವಾಳಿ, ಅಂದರೆ ಮನೆಗೆಲಸದಾಕೆ, ಬರುತ್ತಾಳೆ. ಗೆಳೆಯರ ಕೈಯಿಂದ ಡಿನ್ನರ್ ಸೆಟ್ ಹೋದರೆ ನಗುತ್ತ ಬಿಡುವ ಮನೆಗಳಲ್ಲೇ ಅವಳ ಕೈಯಿಂದ ಒಂದು ಬಟ್ಟಲು ಜಾರಿದರೆ ಸಂಬಳದಲ್ಲಿ ಕಡಿಯುವುದುಂಟು. 1936ರ ವೇತನ ಪಾವತಿ ಕಾಯ್ದೆ ಕಾರ್ಖಾನೆಯ ಕೆಲಸಗಾರರಿಗೂ, ಅವರ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ, ಅದೂ ಅವರ ಸಮಜಾಯಿಷಿ ಕೇಳಿದ ಮೇಲೆಯೇ ಕಡಿತ ಎಂದು ಹೇಳಿತ್ತು. ಮನೆಗೆಲಸದವರಿಗೆ ಆ ರಕ್ಷಣೆ ಸಿಗಲೇ ಇಲ್ಲ. ದೇಶದಲ್ಲೇ ಮೊದಲು, 2004ರಲ್ಲಿ, ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು ಕರ್ನಾಟಕ. ಸ್ವಂತ ದುಡಿಮೆಯ ಹೆಂಗಸರಿಗೆಂದು 1972ರಲ್ಲಿ ಇಳಾ ಭಟ್ಟರು ‘ಸೇವಾ’ ಎಂಬ ಸಂಘಟನೆ ಕಟ್ಟಿದ್ದು ಅಹಮದಾಬಾದಿನಲ್ಲಿ. ಈ ಎರಡು ನಾಡುಗಳ ಜನರಿಗೆ ಇದು ಹೊಸದಾಗಿ ಹೇಳಿಕೊಡಬೇಕಾದ ವಿಷಯವಾಗಬಾರದಿತ್ತು. ಅವಳು ತೊಳೆಯುತ್ತಿದ್ದದ್ದು ನಾವು ಉಂಡ ಬಟ್ಟಲು, ಗರಜು ಪೂರ್ತಿ ನಮ್ಮದು. ಮನೆ ಬದಲಿಸಲು ಬಂದ ಗೆಳೆಯನಿಂದ ಕೇಳದಿದ್ದದ್ದನ್ನು ಅವಳಿಂದ ಕೇಳಲು ನಮಗೆ ಯಾವ ಹಕ್ಕೂ ಇಲ್ಲ. ಹಾಗೆ ಕಡಿದ ಹಣ ಇದ್ದರೆ ಈ ತಿಂಗಳ ಸಂಬಳದ ಜೊತೆ ಅದನ್ನು ಅವಳಿಗೆ ಹಿಂತಿರುಗಿಸಬೇಕು.